ಸಹಾಯ ಬೇಕು: ಮಗು ದಾವಣಗೆರೆಯಲ್ಲಿ, ಕೇಸ್ ಪುಣೆಯಲ್ಲಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಗಂಡನ ಜೊತೆ ಪುಣೆಯಲ್ಲಿದ್ದಳು. ಹೊಂದಾಣಿಕೆ ಆಗದೆ ಮಗಳನ್ನು ಕರೆದುಕೊಂಡು ದಾವಣಗೆರೆಗೆ ಬಂದು ಒಂದು ವರ್ಷ ಮೂರು ತಿಂಗಳಾಯಿತು. ಮಗುವಿಗೆ ನಾಲ್ಕೂವರೆ ವರ್ಷ, ಇಲ್ಲೇ ಎಲ್‌ಕೆಜಿಗೆ ಹೋಗುತ್ತಾಳೆ. ಬಂದಾಗ ಮರಾಠಿ ಮಾತಾಡುತ್ತಿದ್ದವಳು ಈಗ ಅಜ್ಜಿ ಹತ್ತಿರ ಮಂಡಕ್ಕಿ, ಮಿರ್ಚಿ ಬೇಕು ಅಂತ ನಮ್ಮೂರ ಕನ್ನಡದಲ್ಲೇ ಹಟ ಮಾಡುತ್ತಾಳೆ.

ಹೋದ ವಾರ ಪುಣೆ ಕೋರ್ಟಿನಿಂದ ನೋಟಿಸ್ ಬಂತು. ಮಗು ತನಗೆ ಬೇಕು ಅಂತ ತಂಗಿ ಗಂಡ ಅಲ್ಲಿ ಅರ್ಜಿ ಹಾಕಿದ್ದಾರೆ. ಡೈವೋರ್ಸ್ ಕೇಸ್ ಇನ್ನೂ ಯಾರೂ ಹಾಕಿಲ್ಲ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಸೆಕ್ಷನ್ ಓದಿದೆ. ಮಗು 'ಸಾಮಾನ್ಯವಾಗಿ ವಾಸಿಸುವ' ಜಾಗದ ಕೋರ್ಟಿಗೆ ಅಧಿಕಾರ ಅಂತಿದೆ. ಅಪ್ಪನ ಮನೆ ಎಲ್ಲಿ ಅನ್ನುವುದಲ್ಲ. ಆದರೆ ಸಾಮಾನ್ಯವಾಗಿ ಅಂದರೆ ಎಷ್ಟು ದಿನ? ಅದರಲ್ಲಿ ತಿಂಗಳ ಲೆಕ್ಕ ಕೊಟ್ಟಿಲ್ಲ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಎಂದು 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ ಹೇಳುತ್ತದೆ. ಇವಳಿಗೆ ಐದು ತುಂಬಲು ಆರೇ ತಿಂಗಳು, ಅದೇ ನಮ್ಮ ಭಯ.

ಪಕ್ಕದ ಮನೆಯವರು 'ಹೋಗದೇ ಇದ್ರಾಯ್ತು ಬಿಡಿ' ಅಂತಾರೆ. ಸುಮ್ನೆ ಕೂತರೆ ನಮ್ಮ ಮಾತು ಕೇಳದೆಯೇ ಆದೇಶ ಆಗಬಹುದು, ಅಲ್ವಾ?

ಇಂಥದ್ದನ್ನು ಎದುರಿಸಿದವರು ಹೇಳಿ. ಪುಣೆಯಲ್ಲೇ ವಕೀಲರನ್ನಿಟ್ಟು 'ಈ ಕೋರ್ಟಿಗೆ ಅಧಿಕಾರವಿಲ್ಲ' ಎಂದು ಮೊದಲು ತಕರಾರು ಹಾಕಬೇಕಾ? ಇಲ್ಲ, ಕೇಸನ್ನೇ ಇಲ್ಲಿಗೆ ವರ್ಗ ಮಾಡಿಸಬೇಕಾ? ಬೇರೆ ರಾಜ್ಯದಿಂದ ವರ್ಗ ಅಂದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು, ಖರ್ಚು ನೆನೆದರೇ ತಲೆ ಸುತ್ತುತ್ತೆ. ಶಾಲೆಯ ದಾಖಲೆ, ಲಸಿಕೆ ಕಾರ್ಡ್ ಸಾಕ್ಷಿಗೆ ಸಾಕಾ? ಮುಂದಿನ ತಾರೀಖಿಗೆ ಮೂರೇ ವಾರ ಇದೆ.