ಪುರಾಣ ಮುಗಿಯುವ ತನಕ ಮಕ್ಕಳನ್ನು ಕೂರಿಸುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ಶರಣು. ನಾವು ಕಲಬುರಗಿಯವರು. ಶ್ರಾವಣ ಬಂದರೆ ನಮ್ಮ ಓಣಿಯ ಮಠದಲ್ಲಿ ದಿನಾ ಸಂಜೆ ಪುರಾಣ. ಹೆಚ್ಚುಕಮ್ಮಿ ಎರಡು ತಾಸು. ಮೊಮ್ಮಕ್ಕಳು ಜೊತೆಗೆ ಬರಲೇಬೇಕು ಎನ್ನುತ್ತಾರೆ ಅತ್ತೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು.

ತಬಲಾ, ಹಾರ್ಮೋನಿಯಂ ಇರುವಷ್ಟು ಹೊತ್ತು ತೊಂದರೆ ಇಲ್ಲ. ಬರೀ ಮಾತು ಶುರುವಾದ ಕೂಡಲೇ ಮಗ ಚಾಪೆಯ ಕಡ್ಡಿ ಕೀಳತೊಡಗುತ್ತಾನೆ. (ದೊಡ್ಡವರೂ ತೂಕಡಿಸುತ್ತಾರೆ ಬಿಡಿ, ಅವರನ್ನು ಯಾರೂ ಗದರಿಸುವುದಿಲ್ಲ!) ಮೊಬೈಲ್ ಕೊಟ್ಟು ಸುಮ್ನೆ ಕೂರಿಸುವುದು ನನಗೆ ಇಷ್ಟವಿಲ್ಲ.

ಮಗಳಿಗೆ ಒಂದು ಆಟ ಹಿಡಿಸಿದೆ. ವಚನ ಹೇಳಿದಾಗ ಅಂಕಿತ (ವಚನಕಾರರು ಕೊನೆಯಲ್ಲಿ ಹಾಕುವ ಗುರುತಿನ ಹೆಸರು) ಕೇಳಿ, ಯಾರದೆಂದು ನನ್ನ ಕಿವಿಯಲ್ಲಿ ಹೇಳಬೇಕು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡಿದ್ದು ಅವಳಿಗೆ ಬಹಳ ಮಜಾ. ಮನೆಯಲ್ಲಿ ಮೊದಲೇ ಕಥೆ ಹೇಳಿದ್ದರೆ ಇನ್ನೂ ಚೆನ್ನಾಗಿ ಕೇಳುತ್ತಾಳೆ. ಆಯ್ದಕ್ಕಿ ಮಾರಯ್ಯ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬಾ ಎಂದ ಕಥೆ ಬಂದ ದಿನ, ಮುಂದೇನಾಗುತ್ತದೆ ಎಂದು ಪಕ್ಕದ ಅಜ್ಜಿಗೆ ಇವಳೇ ಹೇಳುತ್ತಿದ್ದಳು.

ಮಗನಿಗೆ ಇದು ಆಗುವುದಿಲ್ಲ. ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ಕೇಳಿದ್ದನ್ನು ಚಿತ್ರ ಬರಿ ಎನ್ನೋಣ ಅಂದುಕೊಂಡಿದ್ದೇನೆ. ಸ್ವಾಮೀಜಿಗಳ ಎದುರು ಅದು ಅಗೌರವ ಅನಿಸುತ್ತದಾ? ನಡುವೆ ಒಮ್ಮೆ ಹೊರಗೆ ಅಡ್ಡಾಡಿಸಿ ತರಬಹುದಾ, ಅರ್ಧಕ್ಕೇ ಮನೆಗೆ ಕರೆತರುವುದು ವಾಸಿಯಾ? ಇಷ್ಟು ಚಿಕ್ಕವರನ್ನು ಕರೆದೊಯ್ಯುವವರು ಏನು ಮಾಡುತ್ತೀರಿ, ಹೇಳಿ. ಅರ್ಧಕ್ಕೇ ಎದ್ದು ಬರುವುದಾದರೆ ಅತ್ತೆಯವರಿಗೆ ಹೇಗೆ ಹೇಳಬೇಕು ಎಂಬುದನ್ನೂ ತಿಳಿಸಿದರೆ ಉಪಕಾರ.