ವಿದೇಶದ ಇಂಟರ್ನ್‌ಶಿಪ್ ಹೊಸ ಶಿಕ್ಷಕರನ್ನು ನಿಜಕ್ಕೂ ರೂಪಿಸುತ್ತದೆಯೇ?

ಪ್ರಶ್ನೆ: ಬಿ.ಇಡಿ. ಪ್ರಶಿಕ್ಷಣಾರ್ಥಿ, ಸಿಂಧನೂರು

ಮಾನ್ಯರೇ, 2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ನಾವು 20 ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕು. ಕೋರ್ಸ್ ಮುಗಿದ ಮೇಲೆ ಫಿನ್‌ಲೆಂಡಿನ ಶಾಲೆಯೊಂದರಲ್ಲಿ ಕೆಲವು ವಾರ ಪಾಠ ಮಾಡುವ ಅವಕಾಶ ನನಗೆ ಒದಗುವಂತಿದೆ. ಖರ್ಚಿನ ಬಹುಪಾಲು ನಮ್ಮದೇ. ಸಾಲ ಮಾಡಿ ಹೋಗಿ ಬಂದರೆ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗುವುದಷ್ಟೇ ಆಗುತ್ತದೆಯೋ, ಅಥವಾ ನಾನು ಎಂಥ ಶಿಕ್ಷಕಿ ಎಂಬ ತಿಳಿವಳಿಕೆಯೇ ಬದಲಾಗುತ್ತದೆಯೋ?

ಉತ್ತರ: ಪ್ರೌಢಶಾಲಾ ಶಿಕ್ಷಕಿ, ಲಿಂಗಸುಗೂರು

ತಂಗೀ, ನಾನು ಹೋಗಿದ್ದೂ ಆ ದೇಶಕ್ಕೇ. ಅಲ್ಲಿನ ವಿಶ್ವವಿದ್ಯಾಲಯಗಳು ಶಿಕ್ಷಕರನ್ನು ತಯಾರು ಮಾಡಲೆಂದೇ ತಮ್ಮವೇ ಆದ ತರಬೇತಿ ಶಾಲೆಗಳನ್ನು ನಡೆಸುತ್ತವೆ. ಪಾಠಕ್ಕೆ ಮೊದಲೂ ಪಾಠದ ನಂತರವೂ ಮಾರ್ಗದರ್ಶಿ ಶಿಕ್ಷಕರೊಂದಿಗೆ ಕುಳಿತು ಚರ್ಚಿಸುವುದು ಅಲ್ಲಿನ ಕ್ರಮ. ನನ್ನ ಮಾರ್ಗದರ್ಶಿ ತರಗತಿಯ ಆಸನಗಳ ನಕ್ಷೆ ಬರೆದುಕೊಂಡು, ಯಾವ ವಿದ್ಯಾರ್ಥಿ ಮಾತನಾಡಿದರೂ ಆ ಜಾಗದಲ್ಲಿ ಒಂದು ಗೆರೆ ಎಳೆದಿದ್ದರು. ಕಿಟಕಿ ಪಕ್ಕದ ಸಾಲಿಗೆ ಒಂದೂ ಗೆರೆ ಬಿದ್ದಿರಲಿಲ್ಲ. ಪಠ್ಯ ಮುಗಿಸುವುದೇ ಶಿಕ್ಷಕಿಯ ಕೆಲಸ ಎಂದುಕೊಂಡಿದ್ದ ನನಗೆ, ಯಾರು ಮಾತನಾಡಲಿಲ್ಲ ಎಂಬುದನ್ನು ಗಮನಿಸುವುದೂ ಕೆಲಸವೇ ಎಂದು ಹೊಳೆದದ್ದು ಆ ಹಾಳೆಯಿಂದ. ಸಿಬ್ಬಂದಿ ಕೊಠಡಿಯಲ್ಲಿ ಫಿನ್ನಿಶ್ ತಿಳಿಯದೆ, ಎಲ್ಲರೂ ನಕ್ಕಾಗ ನಾನೂ ನಗುತ್ತ ಕುಳಿತಿದ್ದಾಗಲೇ, ಮನೆಯಲ್ಲಿ ಲಂಬಾಣಿ ಆಡಿ ಶಾಲೆಯಲ್ಲಿ ಕನ್ನಡ ಕೇಳುವ ನಮ್ಮ ತಾಂಡಾದ ಮಕ್ಕಳ ಮೌನ ಅರ್ಥವಾಯಿತು. ಊರಿಗೆ ಮರಳಿದ ಮೇಲೆ ಸಹೋದ್ಯೋಗಿಗಳು ಕೆಲಕಾಲ ‘ಫಾರಿನ್ ಮೇಡಂ’ ಎಂದು ಕರೆದರು. ಮುಕ್ಕಾಲು ಗಂಟೆ ಪಾಠ, ಕಾಲು ಗಂಟೆ ಬಿಡುವು ಎಂಬ ಅಲ್ಲಿನ ಪದ್ಧತಿಯನ್ನು ಇಲ್ಲಿಗೆ ತರಲು ವೇಳಾಪಟ್ಟಿ ನನ್ನ ಕೈಯಲ್ಲಿರಲಿಲ್ಲ. ಆ ನಕ್ಷೆಯನ್ನು ಮಾತ್ರ ಈಗಲೂ ಬರೆಯುತ್ತೇನೆ.

ಉತ್ತರ: ಮುಖ್ಯೋಪಾಧ್ಯಾಯ, ಕೊಪ್ಪಳ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ; ಅದಕ್ಕಾಗಿ ಸಾಲ ಮಾಡಿ ಫಿನ್‌ಲೆಂಡಿಗೇ ಹೋಗಬೇಕೆಂಬುದನ್ನು ಒಪ್ಪಲಾರೆ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ, ಬಂಗಾಳಿ ಮನೆಮಾತಿನ ಮಕ್ಕಳಿದ್ದಾರೆ. ಆ 20 ವಾರಗಳಲ್ಲಿ ಒಂದಷ್ಟನ್ನು ಅಲ್ಲಿಯೇ ಕೊಡಿಸುವಂತೆ ನಿಮ್ಮ ಕಾಲೇಜಿನವರನ್ನು ಕೇಳಿ. ತಂದೆತಾಯಿಯ ಜೊತೆ ಗುಳೆ ಹೋಗಿ ವರ್ಷದ ನಡುವೆ ಮರಳಿ ಬಂದ ಮಗುವಿಗೆ ಎಲ್ಲಿಂದ ಪಾಠ ಶುರು ಮಾಡಬೇಕೆಂಬುದು ನಮ್ಮ ಭಾಗದ ಶಿಕ್ಷಕರನ್ನು ಕಾಡುವ ಪ್ರಶ್ನೆ. ಅದಕ್ಕೆ ಹೊರದೇಶದಲ್ಲಿ ತಾಲೀಮು ಸಿಗದು. ನಮ್ಮಲ್ಲಿ ಕೊರತೆಯಿರುವುದು ಹಿಂದಿನ ಬೆಂಚಿನಲ್ಲಿ ಕುಳಿತು ಗೆರೆ ಎಳೆಯುವ ಮಾರ್ಗದರ್ಶಿಗಳದ್ದು. ಎಷ್ಟೋ ಕಡೆ ಹಾಜರಿಗೆ ಸಹಿ ಹಾಕುವುದರಲ್ಲೇ ಮಾರ್ಗದರ್ಶನ ಮುಗಿಯುತ್ತದೆ.

ಮರು ಉತ್ತರ: ಪ್ರೌಢಶಾಲಾ ಶಿಕ್ಷಕಿ, ಲಿಂಗಸುಗೂರು

ಸಾಲ ಮಾಡುವುದಾದರೆ ನಾನೂ ಬೇಡವೆಂದೇ ಹೇಳುತ್ತೇನೆ ಸರ್. ಹೊರಡುವುದು ಖಚಿತವಾದರೆ, ತಂಗೀ, ಹಣ ಕಟ್ಟುವ ಮೊದಲು ನಿಮ್ಮ ವಿಷಯದ ಪೂರ್ಣ ತರಗತಿಯನ್ನು ನಿಮಗೆ ವಹಿಸುತ್ತಾರೆಯೇ, ಅದನ್ನು ಯಾರು ಅವಲೋಕಿಸುತ್ತಾರೆ ಎಂಬುದನ್ನು ಬರಹದಲ್ಲಿಯೇ ಪಡೆದುಕೊಳ್ಳಿ. ಸೀರೆ ಉಡಿಸಿ, ದೀಪಾವಳಿಯ ರಂಗೋಲಿ ಹಾಕಿಸಿ, ಫೋಟೊ ತೆಗೆದು ಪ್ರಮಾಣಪತ್ರ ಕೊಟ್ಟು ಕಳುಹಿಸುವವರೂ ಇದ್ದಾರೆ.