ಈಟನ್ ಹಾಕಿದರೆ ಪೋರ್ ಪ್ರೆಶರ್ ಕಡಿಮೆ ಬರುತ್ತಿದೆ, ತಲೆ ಕೆಟ್ಟಿದೆ

ಶೇಲ್‌ಪುಟ್ಟ:
ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಬಾವಿಯ ಸೋನಿಕ್ ಲಾಗ್ (ಆಳ ಆಳಕ್ಕೆ ಕಲ್ಲಿನಲ್ಲಿ ಶಬ್ದದ ವೇಗ) ಇಟ್ಟುಕೊಂಡು, ಪೋರ್ ಪ್ರೆಶರ್, ಅಂದರೆ ಕಲ್ಲಿನ ರಂಧ್ರದೊಳಗಿನ ದ್ರವದ ಒತ್ತಡ, ಅಂದಾಜಿಸುವ ಈಟನ್ ಲೆಕ್ಕ ಮಾಡಿದೆ. ಮೇಲೆ ಎಲ್ಲ ಸರಿ. ಕೆಳಗೆ ಎಂಡಿಟಿ (ಬಾವಿಗೆ ಉಪಕರಣ ಇಳಿಸಿ ನೇರವಾಗಿ ತೆಗೆದ ಒತ್ತಡ) ಅಳತೆಗಿಂತ ತುಂಬಾ ಕಡಿಮೆ. ಕೋಡ್ ಹತ್ತು ಸಲ ನೋಡಿದೆ. ಏನು ತಪ್ಪು?

ಮಡ್‌ಮಾಮ:
ಟ್ರೆಂಡ್ ಲೈನ್ ತಪ್ಪು, ಅಂದರೆ ಒತ್ತಡ ಸಹಜವಿದ್ದರೆ ಆಳದ ಜೊತೆ ವೇಗ ಹೇಗೆ ಏರಬೇಕು ಅನ್ನುವ ಗೆರೆ. ಎಲ್ಲರೂ ಎಡವುವುದು ಅಲ್ಲೇ. ಮರಳಿನ ಪಾಯಿಂಟ್ ತೆಗೆದು ಮತ್ತೆ ಎಳೆಯಿರಿ.

ಶೇಲ್‌ಪುಟ್ಟ:
ಬರೀ ಶೇಲ್ (ಜೇಡಿಕಲ್ಲು) ಮೇಲೇ ಎಳೆದದ್ದು ಸಾರ್.

ಮಡ್‌ಮಾಮ:
ಹಾಗಾದರೆ ಗೆರೆಯ ಓರೆ ಬದಲಿಸಿ.

ಕಲ್ಲುಬಂಡೆ:
ಯಾವ ಬೇಸಿನ್? ಎಷ್ಟು ಬಿಸಿ? ಸುಮ್ನೆ ಹೊಟ್ಟೆನೋವು ಅಂದರೆ ಡಾಕ್ಟರ್ ಏನು ಮಾಡಬೇಕು?

ಶೇಲ್‌ಪುಟ್ಟ:
ಓ, ಹೇಳಲಿಲ್ಲ ಅಲ್ವಾ. ಕೃಷ್ಣಾ-ಗೋದಾವರಿ, ರಾಘವಾಪುರಂ ಶೇಲ್. ತಳದಲ್ಲಿ 140 ಡಿಗ್ರಿ. ಈಟನ್ ಸೂತ್ರದ ಎಕ್ಸ್‌ಪೊನೆಂಟ್ (ಘಾತ) 3.

ಕಲ್ಲುಬಂಡೆ:
ಇದನ್ನು ಮೊದಲೇ ಹೇಳಬಾರದಿತ್ತಾ! ಆ 3 ಈಟನ್ 1975ರಲ್ಲಿ ಕೊಟ್ಟದ್ದು, ಅಮೆರಿಕದ ಗಲ್ಫ್ ಕೋಸ್ಟ್ ಕಡೆಯ ಅನುಭವದಿಂದ. ಅಲ್ಲಿ ಹೂಳು ಬೇಗ ಬೇಗ ಬಿದ್ದು, ಜೇಡಿಯ ನೀರಿಗೆ ಹೊರಗೆ ಹೋಗಲು ಪುರುಸೊತ್ತೇ ಸಿಗಲಿಲ್ಲ. ಮೇಲಿನ ಭಾರವನ್ನು ನೀರೇ ಹೊತ್ತಿತು. ರಂಧ್ರ ಕುಗ್ಗದೆ ಉಳಿದದ್ದರಿಂದ ವೇಗ ಕಡಿಮೆಯಾಗಿ ಆ ಒತ್ತಡ ಸೋನಿಕ್‌ಗೆ ಕಾಣುತ್ತದೆ.

ನಿಮ್ಮ ಬಾವಿಯ ತಳದಲ್ಲಿ ಶೇಲ್ ಮೊದಲು ಸರಿಯಾಗಿಯೇ ಗಟ್ಟಿಯಾಗಿರಬಹುದು. ಆಮೇಲೆ ಕೆರೋಜನ್ (ಶೇಲ್‌ನೊಳಗಿನ ಜೈವಿಕ ಪದಾರ್ಥ) ಬೆಂದು ಗ್ಯಾಸ್ ಆಯಿತು, ಸ್ಮೆಕ್ಟೈಟ್ ಅನ್ನುವ ಜೇಡಿ ಖನಿಜ ಇಲ್ಲೈಟ್ ಆಗುವಾಗ ನೀರು ಬಿಟ್ಟಿತು. ಒತ್ತಡ ಏರಿತು. ಆದರೆ ಒಮ್ಮೆ ಹಿಂಡಿದ ಜೇಡಿ ಸ್ಪಂಜಿನಂತೆ ಹಿಗ್ಗುವುದಿಲ್ಲ. ಹಾಗಾಗಿ ಸೋನಿಕ್ ಸ್ವಲ್ಪವೇ ಅಲುಗಾಡುತ್ತದೆ, ಈಟನ್ ಕಡಿಮೆ ಹೇಳುತ್ತದೆ. ವೇಗ ಮತ್ತು ಡೆನ್ಸಿಟಿ ಕ್ರಾಸ್‌ಪ್ಲಾಟ್ ಹಾಕಿ. ವೇಗ ಬಿದ್ದು ಡೆನ್ಸಿಟಿ ಹಾಗೇ ನಿಂತಿದ್ದರೆ ಅದು ಅನ್‌ಲೋಡಿಂಗ್, ಅಂದರೆ ಆಮೇಲೆ ಏರಿದ ಒತ್ತಡ ಕಣಗಳ ಮೇಲಿನ ಭಾರ ಇಳಿಸಿದೆ. ಇದನ್ನೂ ಲೆಕ್ಕಕ್ಕೆ ಹಿಡಿಯುವ ಬವರ್ಸ್ ವಿಧಾನ ಬೇಕು.

ಮಡ್‌ಮಾಮ:
ಬವರ್ಸ್ ಎಲ್ಲ ಆಮೇಲೆ. ನಾರ್ಮಲ್ ಗ್ರೇಡಿಯಂಟ್ (ಸಹಜ ಒತ್ತಡ ಅಡಿಗೆ ಎಷ್ಟು ಪಿಎಸ್‌ಐ ಏರುತ್ತದೆ ಅನ್ನುವುದು) 0.433 ಹಾಕಿದ್ದಾರೋ 0.465 ಹಾಕಿದ್ದಾರೋ?

ಬೋರ್‌ವೆಲ್‌ಭಟ್ಟ:
0.433 ಸಿಹಿನೀರಿಗೆ ಸ್ವಾಮಿ. ಅಷ್ಟರಿಂದ ಇಷ್ಟು ವ್ಯತ್ಯಾಸ ಬರುವುದಿಲ್ಲ. ಮತ್ತೆ ಈ ಪಿಎಸ್‌ಐ, ಅಡಿ ಎಲ್ಲ ಯಾವ ಕಾಲದ್ದು?

ಮಡ್‌ಮಾಮ:
ರಿಗ್ ಮೇಲೆ ನಿಂತವರಿಗೆ ಗೊತ್ತು ಯಾವ ಕಾಲದ್ದು ಅಂತ. ನಾವು 17 ಪಿಪಿಜಿ (ಗ್ಯಾಲನ್‌ಗೆ ಪೌಂಡ್) ತೂಕದ ಡ್ರಿಲ್ಲಿಂಗ್ ಮಡ್ ಓಡಿಸಿದ್ದೇವೆ, ಲ್ಯಾಪ್‌ಟಾಪ್ ಇಲ್ಲದೆ.

ಬೋರ್‌ವೆಲ್‌ಭಟ್ಟ:
ನನ್ನದು ಮೂರು ಮಾನಿಟರ್ ಸೆಟಪ್, ಬೇಕಾದರೆ ಫೋಟೊ ಹಾಕುತ್ತೇನೆ.

ಕಲ್ಲುಬಂಡೆ:
ಇದು ಪಾಸರ್ಲಪೂಡಿ ಇರುವ ಬೇಸಿನ್. ಅಲ್ಲಿ 1995ರ ಜನವರಿಯಲ್ಲಿ ಚಿಮ್ಮಿದ ಗ್ಯಾಸ್ ಬಾವಿ ಎರಡು ತಿಂಗಳು ಉರಿಯಿತು. ಮಾನಿಟರ್ ಬಿಡಿ, ಪ್ಲಾಟ್ ಎಲ್ಲಿ?

ಶೇಲ್‌ಪುಟ್ಟ:
ಹಾಕಿದೆ. ಕೆಳಗಡೆ ವೇಗ ಬಿದ್ದಿದೆ, ಡೆನ್ಸಿಟಿ ಹಾಗೇ ಇದೆ. ಬವರ್ಸ್‌ನಲ್ಲಿ ಶೇಲ್ ನಡುವಿನ ತೆಳು ಮರಳುಗಳ ಎಂಡಿಟಿ ಹತ್ತಿರ ಬಂತು. ದಪ್ಪ ಮರಳಿನ ಅಳತೆ ಮಾತ್ರ ಲೆಕ್ಕಕ್ಕಿಂತ ಇನ್ನೂ ಜಾಸ್ತಿ.

ಕಲ್ಲುಬಂಡೆ:
ಆ ಮರಳು ಓರೆಯಾಗಿ ಬಿದ್ದಿದೆಯಾ? ಆಳದ ಒತ್ತಡ ಮರಳಿನೊಳಗೇ ಹಾದು ನೆತ್ತಿಗೆ ಬರುತ್ತದೆ. ಅಲ್ಲಿ ಸುತ್ತಲಿನ ಶೇಲ್‌ಗಿಂತ ಜಾಸ್ತಿ ಇರುತ್ತದೆ. ಸೈಸ್ಮಿಕ್ ಸೆಕ್ಷನ್ (ಕಂಪನದ ಅಲೆಗಳಿಂದ ತೆಗೆದ ನೆಲದಡಿಯ ಚಿತ್ರ) ಹಾಕಿ.

ಶೇಲ್‌ಪುಟ್ಟ:
ಸೈಸ್ಮಿಕ್ ನನಗೆ ಕೊಟ್ಟಿಲ್ಲ. ಗೈಡ್ ಊರಿಂದ ಬಂದ ಮೇಲೆ ಕೇಳುತ್ತೇನೆ.

ಮಡ್‌ಮಾಮ:
ಆ ಮೂರು ಮಾನಿಟರ್ ಫೋಟೊ ಎಲ್ಲಿ?